ಹೆಳವರ ಪುಸ್ತಕದಲ್ಲಿ ಇಲ್ಲದ ಮುತ್ತಜ್ಜಿ

ಸವದತ್ತಿ ಸೀಮೆಯ ನಮ್ಮ ಹಳ್ಳಿಗೆ ಮೂರ್ನಾಲ್ಕು ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಎತ್ತಿನ ಕೊರಳ ಗಂಟೆ ಕೇಳಿದ್ದೇ ಅಜ್ಜ ಕಟ್ಟೆಯ ಮೇಲೆ ಕಂಬಳಿ ಹಾಸಿಸುತ್ತಿದ್ದ. ನಮ್ಮ ಮೂಲಪುರುಷ ಯಾವ ಊರಿಂದ ಎದ್ದು ಬಂದ, ಅವನಿಗೆ ಎಷ್ಟು ಗಂಡುಮಕ್ಕಳು, ಯಾರ ಕವಲು ಎಲ್ಲಿ ನಿಂತಿತು ಎಂಬುದನ್ನೆಲ್ಲ ಹೆಳವಜ್ಜ ರಾಗವಾಗಿ ಒಪ್ಪಿಸುತ್ತಿದ್ದ. ಹೊಸದಾಗಿ ಹುಟ್ಟಿದ ಗಂಡುಕೂಸುಗಳ ಹೆಸರು ಬರೆದುಕೊಂಡು, ಜೋಳವನ್ನೋ ಧೋತರವನ್ನೋ ಪಡೆದು ಮುಂದಿನ ಮನೆಗೆ ಹೋಗುತ್ತಿದ್ದ. ಮನೆಮನೆಯ ವಂಶಾವಳಿ ಕಾಯುವುದೇ ಕಸುಬಾದ ಜನ ಅವರು.

ಶಾಲೆಯ ನೌಕರಿಯಿಂದ ನಿವೃತ್ತಳಾದ ವರ್ಷ ನಾನೇ ಕೇಳಿದೆ: "ಅಜ್ಜಾರ, ನಮ್ಮ ಮುತ್ತಜ್ಜನ ಹೇಣ್ತಿ ಹೆಸರೇನ್ರೀ?"

ಆತ ಪುಸ್ತಕ ತಿರುವಲೇ ಇಲ್ಲ. "ನಿಮ್ಮ ಮನಿ ಪುಸ್ತಕದಾಗ ಹೆಣ್ಮಕ್ಕಳ ಹೆಸರು ಹಿಡದಿಲ್ರೀ ಅವ್ವಾರ" ಎಂದ.

ಏಳು ತಲೆಮಾರಿನ ಗಂಡಸರ ಹೆಸರು ಬಾಯಿಗೆ ಬರುವ ಮನೆಯಲ್ಲಿ, ನಮ್ಮಜ್ಜನನ್ನು ಹೆತ್ತವಳ ಹೆಸರು ಯಾರಿಗೂ ಗೊತ್ತಿರಲಿಲ್ಲ. ಹುಡುಕಾಟ ಅಲ್ಲಿಂದ ಶುರುವಾಯಿತು.

ಮೊದಲು ಹೋದದ್ದು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿಗೆ. 2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಏರಿತು. ಅದಕ್ಕೂ ಹಿಂದಿನ ತಲೆಮಾರು ಬೇಕೆಂದರೆ ಕೈಬರಹದ ಹಳೆಯ ಉತಾರ, ವಾರಸಾ ಡೈರಿಗಳ ನಕಲು ಕೇಳಬೇಕು. ಯಾರು ಸತ್ತ ಮೇಲೆ ಹೊಲ ಯಾರ ಹೆಸರಿಗೆ ಹೋಯಿತು ಎಂಬುದೇ ಅಲ್ಲಿನ ಕಥೆ. ನಮ್ಮದು ಹಳೆಯ ಮುಂಬೈ ಪ್ರಾಂತ, ಹಾಗಾಗಿ ಕೆಲವು ಕಾಗದ ಮೋಡಿ ಲಿಪಿಯಲ್ಲಿದ್ದವು. ಮೋಡಿ ಬಲ್ಲ ಹಿರಿಯರೊಬ್ಬರು ಓದಿ ಹೇಳಿದರು. ಮುತ್ತಜ್ಜ ಸಿಕ್ಕ, ಅವನ ಅಪ್ಪ ಸಿಕ್ಕ, ಅಣ್ಣತಮ್ಮಂದಿರ ವಾಟ್ನಿಯೂ ಸಿಕ್ಕಿತು. ಮುತ್ತಜ್ಜಿ ಸಿಗಲಿಲ್ಲ. ಹೊಲ ಇಲ್ಲದವರ ಹೆಸರು ಹೊಲದ ಕಾಗದದಲ್ಲಿ ಎಲ್ಲಿಂದ ಬರಬೇಕು?

ಆಕೆ ಸಿಕ್ಕಿದ್ದು ಅಟ್ಟದ ಮೇಲೆ. ಹುಣಸೆಹಣ್ಣು ತುಂಬಿಟ್ಟಿದ್ದ ಹಿತ್ತಾಳೆ ಕೊಡದ ಕಂಠದಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಒಂದು ಹೆಸರಿತ್ತು, ಪಕ್ಕದಲ್ಲಿ ಒಂದು ಊರಿನ ಹೆಸರು. ಯಾರದೋ ಮನೆಯ ಕೊಡ ಅದಲುಬದಲಾಗಿ ಬಂದಿರಬೇಕು ಎಂದುಕೊಂಡೇ ಎಲ್ಲರೂ ಸುಮ್ಮನಿದ್ದರು. ಎಂಬತ್ತೆಂಟರ ಸೋದರತ್ತೆ ಮಾತ್ರ ಅಕ್ಷರಗಳ ಮೇಲೆ ಬೆರಳಾಡಿಸಿ, "ಇದು ನಮ್ಮ ಆಯಿ ತವರಿನ ಹೆಸರವಾ. ಅಕ್ಕಿಕಾಳ ಬಿದ್ದ ದಿನಾನ ಹೆಸರು ಬದಲಿ ಮಾಡಿದ್ರಂತ" ಎಂದಳು. ಗಂಡನ ಮನೆಯವರು ಇಟ್ಟ ಹೆಸರನ್ನೂ ಆಕೆಯೇ ನೆನಪಿಸಿಕೊಂಡಳು. ಎರಡೆರಡು ಹೆಸರಿದ್ದವಳು ಒಂದು ಪುಸ್ತಕದಲ್ಲೂ ಇರಲಿಲ್ಲ.

ಮನೆತನದ ಚರಿತ್ರೆ ಹುಡುಕುವವರಿಗೆ ನಾನು ಹೇಳುವುದು ಇದನ್ನೇ. ಕಚೇರಿಗೆ ಹೋಗುವ ಮೊದಲು ಅಟ್ಟ ಹತ್ತಿರಿ. ಪಾತ್ರೆಯ ಮೇಲಿನ ಹೆಸರು, ಹಳೆಯ ಮದುವೆಗಳ ಆಯೇರಿ ಪಟ್ಟಿ, ಲಗ್ನಪತ್ರಿಕೆ, ಇವೆಲ್ಲ ದಾಖಲೆಗಳೇ. ಆಯೇರಿ ಪಟ್ಟಿಯಲ್ಲಿ ಬೀಗರೆಲ್ಲ ಊರಿನ ಹೆಸರು ಸಮೇತ ಸಾಲಾಗಿ ಕೂತಿರುತ್ತಾರೆ. ಸರ್ಕಾರಿ ಕಾಗದದಲ್ಲಿ 'ಬಿನ್' ಎಂದರೆ ಮಗ, 'ಕೋಂ' ಎಂದರೆ ಹೆಂಡತಿ. ವಿಧವೆಯ ಹೆಸರಿಗೆ ಹೊಲ ಬಂದಿದ್ದರೆ ಈ 'ಕೋಂ' ನಿಮ್ಮ ಕೈಹಿಡಿದೀತು. ಎಲ್ಲಕ್ಕಿಂತ ಮೊದಲು ಮನೆಯ ಹಿರಿಯ ಹೆಂಗಸರನ್ನು ಮಾತಾಡಿಸಿ. "ವಂಶಾವಳಿ ಹೇಳು" ಎಂದರೆ ಅವರು ಬಾಯಿ ಬಿಡುವುದಿಲ್ಲ. "ನಿನ್ನ ಮದುವಿಗೆ ಯಾರ‍್ಯಾರು ಬಂದಿದ್ರು?" ಎಂದು ಕೇಳಿ ನೋಡಿ, ಸಂಜೆಯಾಗುವವರೆಗೂ ಹೇಳುತ್ತಾರೆ.

ಕೊಡದ ಮೇಲಿದ್ದ ಊರಿಗೂ ಹೋದೆ. ಆ ಮನೆಯ ಯಜಮಾನ ನಾನು ತಂದಿದ್ದ ವಂಶವೃಕ್ಷದ ಹಾಳೆಯನ್ನು ಮುಟ್ಟಲೇ ಇಲ್ಲ. "ನಾಕ ತಲಿ ಆದ ಮ್ಯಾಲೆ ಪಾಲ ಕೇಳಾಕ ಬಂದೀರೇನ್ರೀ?" ಎಂದರು. ಅವರ ಅಂಜಿಕೆಗೂ ಕಾರಣವಿದೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರಲ್ಲಿ, ಅದೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟು. 2005ರ ಕೇಂದ್ರ ತಿದ್ದುಪಡಿ ಅವರನ್ನೂ ಒಳಗೆ ಕರೆಯಿತು. ಅಂದಿನಿಂದ ವಂಶವೃಕ್ಷ ಎಂದರೆ ಎಷ್ಟೋ ಮನೆಗಳಲ್ಲಿ ಕೋರ್ಟಿನ ನೆನಪು. ಪಾಲು ಬೇಡ, ಹೆಸರು ಸಾಕು ಎಂದು ತಿಳಿಹೇಳುವಷ್ಟರಲ್ಲಿ ಮಧ್ಯಾಹ್ನವಾಯಿತು. ಹೊರಡುವಾಗ ಆ ಮನೆಯ ಸೊಸೆ ಕಣ, ಕೊಬ್ಬರಿ ತಂದು ನನ್ನ ಉಡಿ ತುಂಬಿದಳು, ತವರಿಗೆ ಬಂದ ಮಗಳಿಗೆ ತುಂಬುವ ಹಾಗೆ.

ಈಗ ನಮ್ಮ ವಂಶವೃಕ್ಷ ಮನೆಯವರ ವಾಟ್ಸ್ಯಾಪ್ ಗುಂಪಿನಲ್ಲಿದೆ. ಬದುಕಿರುವವರ ಹುಟ್ಟಿದ ತಾರೀಖು, ದತ್ತಕ, ಎರಡನೇ ಸಂಬಂಧ ಮುಂತಾದವನ್ನು ಅವರನ್ನು ಕೇಳದೆ ಹಾಕಿಲ್ಲ. ನೀವೂ ಹಾಕಬೇಡಿ. ಆದರೆ ನಿಮ್ಮ ತಾಯಿಯ ತಾಯಿಯ ತಾಯಿಯ ಹೆಸರು ಗೊತ್ತಿಲ್ಲದಿದ್ದರೆ, ಅದನ್ನು ಬಲ್ಲವರು ಬದುಕಿರುವಾಗಲೇ ಕೇಳಿ ಬರೆದಿಡಿ. ನಮ್ಮ ಸೋದರತ್ತೆ ಹೋಗಿ ಎರಡು ವರ್ಷವಾಯಿತು.