ಹಾರ್ನೆಸ್ ಕೊಂಡರೆ ಸಾಲದು, ಮಗುವಿನ ಮೈಗೆ ಕೂಡಬೇಕು

ಬೆಳಿಗ್ಗೆ ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ ನಿಮ್ಮ ಬೀದಿಯಲ್ಲಿ ಸಾಗುವ ಸ್ಕೂಟರ್‌ಗಳನ್ನು ಒಮ್ಮೆ ಗಮನಿಸಿ. ಒಂದು ಮಗು ಮುಂದೆ ಹ್ಯಾಂಡಲ್ ಹಿಡಿದು ನಿಂತಿರುತ್ತದೆ. ಇನ್ನೊಂದು ಹಿಂದಿನ ಸೀಟಿನಲ್ಲಿ ತಾಯಿಯ ಬುರ್ಖಾ ಹಿಡಿದು ಕುಳಿತಿರುತ್ತದೆ. ಮಧ್ಯಾಹ್ನ ಮರಳುವಾಗ ಅದೇ ಮಗು ತೂಕಡಿಸುತ್ತಿರುತ್ತದೆ. ನಿದ್ದೆ ಹತ್ತಿದೊಡನೆ ಪುಟ್ಟ ಮುಷ್ಟಿ ಸಡಿಲವಾಗುತ್ತದೆ. ಆಮೇಲೆ ಮಗು ಜಾರಿ ಬೀಳಲು ರಸ್ತೆಯ ಒಂದು ಹೊಂಡ ಸಾಕು.

ಇದನ್ನು ತಡೆಯಲೆಂದೇ ಕೇಂದ್ರ ಸರಕಾರವು 2022ರ ಫೆಬ್ರವರಿಯಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. 2023ರ ಫೆಬ್ರವರಿ 15ರಿಂದ ಅದು ಜಾರಿಗೆ ಬಂದಿದೆ. ನಾಲ್ಕು ವರ್ಷದೊಳಗಿನ ಮಗುವನ್ನು ದ್ವಿಚಕ್ರ ವಾಹನದಲ್ಲಿ ಕೂರಿಸಿಕೊಂಡು ಹೋಗುವಾಗ ಸುರಕ್ಷಾ ಹಾರ್ನೆಸ್‌ನಿಂದ ಮಗುವನ್ನು ಸವಾರರಿಗೆ ಜೋಡಿಸಬೇಕು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಅದರ ತಲೆಗೆ ಹೊಂದುವ ಹೆಲ್ಮೆಟ್ ಇರಬೇಕು. ವಾಹನದ ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ನಾಲ್ಕು ವರ್ಷ ದಾಟಿದವರೆಲ್ಲರೂ ಹೆಲ್ಮೆಟ್ ಧರಿಸಬೇಕೆಂದು ಕಾನೂನು ಮೊದಲೇ ಹೇಳಿದೆ.

ಹಾರ್ನೆಸ್ ಎಂದರೆ ಮಗು ತೊಡುವ ಒಂದು ಗಟ್ಟಿ ಜಾಕೆಟ್. ಅದರ ಪಟ್ಟಿಗಳು ಮಗುವಿನ ಕಾಲುಗಳ ನಡುವೆ ಹಾದು, ಸವಾರರ ಎರಡೂ ಭುಜಗಳಿಗೆ ಚೀಲದ ಪಟ್ಟಿಯಂತೆ ಸೇರಿಕೊಳ್ಳುತ್ತವೆ. ಮಗು ಸೀಟಿನ ಮೇಲೆಯೇ ಕುಳಿತಿರುತ್ತದೆ. ಅದು ನಿಮ್ಮಿಂದ ಬೇರ್ಪಟ್ಟು ಪಕ್ಕಕ್ಕೆ ವಾಲದಂತೆ ಪಟ್ಟಿಗಳು ಹಿಡಿದಿಡುತ್ತವೆ.

ಈದ್ ಬಟ್ಟೆಯ ಲೆಕ್ಕ ಇಲ್ಲಿ ಬೇಡ

ಮಕ್ಕಳಿಗೆ ಈದ್ ಬಟ್ಟೆ ಕೊಳ್ಳುವಾಗ ನಾವು ಒಂದು ಸೈಜು ದೊಡ್ಡದನ್ನೇ ಆರಿಸುತ್ತೇವೆ. ಮುಂದಿನ ವರ್ಷಕ್ಕೂ ಆಗಲಿ ಎಂಬ ಲೆಕ್ಕ. ಮನೆಯ ಖರ್ಚು ನಿಭಾಯಿಸುವ ಹೆಣ್ಣಿಗೆ ಅದು ಜಾಣತನವೇ ಹೌದು. ಆದರೆ ಹಾರ್ನೆಸ್ ವಿಷಯದಲ್ಲಿ ಈ ಲೆಕ್ಕ ಅಪಾಯಕಾರಿ. ಸಡಿಲ ಅಂಗಿ ತೊಟ್ಟ ಮಗು ಚೆನ್ನಾಗಿ ಕಾಣದಿರಬಹುದು, ಅಷ್ಟೆ. ಸಡಿಲ ಹಾರ್ನೆಸ್ ತೊಟ್ಟ ಮಗು ಅದರೊಳಗಿಂದಲೇ ನುಸುಳಿ ಬೀಳಬಹುದು.

ವಿಮಾನದಿಂದ ಜಿಗಿದು ಪ್ಯಾರಾಚೂಟ್‌ನಲ್ಲಿ ಇಳಿಯುವ ಸ್ಕೈಡೈವಿಂಗ್ ಕ್ರೀಡಾಪಟುಗಳಿಗೆ ಇದು ಚೆನ್ನಾಗಿ ಗೊತ್ತು. ಅವರು ಹಾರ್ನೆಸ್ ಮಾಡಿಸುವಾಗ ಎತ್ತರ, ತೂಕ, ಬೆನ್ನು, ತೊಡೆಗಳ ಅಳತೆ ಕೊಟ್ಟು ದರ್ಜಿಯಲ್ಲಿ ಬಟ್ಟೆ ಹೊಲಿಸಿದಂತೆ ಹೊಲಿಸಿಕೊಳ್ಳುತ್ತಾರೆ. ಪ್ಯಾರಾಚೂಟ್ ಬಿಚ್ಚಿಕೊಂಡಾಗ ದೇಹಕ್ಕೆ ಜೋರಾದ ಜಗ್ಗು ಬೀಳುತ್ತದೆ. ಮೈಭಾರವೆಲ್ಲ ತೊಡೆಯ ಪಟ್ಟಿಗಳ ಮೇಲೆ ನಿಲ್ಲುತ್ತದೆ. ಹಾರ್ನೆಸ್ ಸಡಿಲವಿದ್ದರೆ ಅದು ಮೈಮೇಲೆ ಸರಿದಾಡಿ, ಎಳೆಯಬೇಕಾದ ಹಿಡಿಕೆ ಕೈಗೆ ಸಿಗದೆ ಹೋಗಬಹುದು. ಆದ್ದರಿಂದ ಬಳಸಿದ ಹಾರ್ನೆಸ್ ಕಡಿಮೆ ಬೆಲೆಗೆ ಸಿಕ್ಕರೂ ತಮ್ಮ ಮೈಗೆ ಕೂಡದಿದ್ದರೆ ಅವರು ಅದನ್ನು ಬಿಟ್ಟುಬಿಡುತ್ತಾರೆ, ಇಲ್ಲವೇ ಬಲ್ಲವರಿಂದ ಅಳತೆ ಸರಿಪಡಿಸಿಕೊಂಡ ಮೇಲೆಯೇ ತೊಡುತ್ತಾರೆ. ನಮ್ಮ ಸ್ಕೂಟರ್ ಆಕಾಶಕ್ಕೆ ಹಾರುವುದಿಲ್ಲ ನಿಜ. ಆದರೆ ಮಗುವಿನ ತಲೆಗೆ ಡಾಂಬರು ರಸ್ತೆಯೂ ಬಂಡೆಯಷ್ಟೇ ಗಟ್ಟಿ.

ಅಂಗಡಿಯಲ್ಲಿ ಏನು ನೋಡಬೇಕು?

ಸಾಧ್ಯವಾದರೆ ಮಗುವನ್ನು ಜೊತೆಗೆ ಕರೆದೊಯ್ಯಿರಿ. ಪೊಟ್ಟಣದ ಮೇಲೆ 30 ಕೆ.ಜಿ. ಎಂದು ಬರೆದಿದ್ದರೆ ಅದು ಹಾರ್ನೆಸ್ ತಡೆಯಬಲ್ಲ ಭಾರ, ನಿಮ್ಮ ಮಗುವಿನ ಅಳತೆಯಲ್ಲ. ನಿಯಮವೇ 30 ಕೆ.ಜಿ. ತಡೆಯುವಂತಿರಬೇಕು ಎನ್ನುತ್ತದೆ. ಅದು ಹಗುರವಾಗಿ, ನೀರಿಗೆ ಕೆಡದಂತೆ, ಪಟ್ಟಿಗಳನ್ನು ಹಿಗ್ಗಿಸಿ ಕುಗ್ಗಿಸುವಂತಿರಬೇಕು. ದಪ್ಪ ನೈಲಾನ್ ಬಟ್ಟೆಯದಾಗಿ ಒಳಗೆ ಫೋಮ್ ಇರಬೇಕು.

ಜಾಕೆಟ್ ತೊಡಿಸಿ ಎಲ್ಲ ಬಕಲ್‌ಗಳನ್ನು ಹಾಕಿದ ಮೇಲೆ ಪಟ್ಟಿ ಮತ್ತು ಎದೆಯ ನಡುವೆ ನಿಮ್ಮ ಎರಡು ಬೆರಳು ಹೋಗುವಷ್ಟು ಮಾತ್ರ ಜಾಗವಿರಲಿ. ಮುಷ್ಟಿ ಹೋದರೆ ಸಡಿಲ, ಮಗು ಉಸಿರು ಬಿಗಿಹಿಡಿದರೆ ಅತಿ ಬಿಗಿ. ಈಗ ಜಾಕೆಟ್‌ನ ಎರಡೂ ಭುಜಗಳನ್ನು ಹಿಡಿದು ಮೆಲ್ಲಗೆ ಮೇಲಕ್ಕೆತ್ತಿ. ಅದು ಕಿವಿಯವರೆಗೆ ಏರಿಬಂದರೆ ಆ ಹಾರ್ನೆಸ್ ನಿಮ್ಮ ಮಗುವಿನದಲ್ಲ. ಪಟ್ಟಿಗಳನ್ನು ಪೂರ್ತಿ ಎಳೆದರೂ ಸಡಿಲ ಉಳಿದರೆ ಚಿಕ್ಕದನ್ನು ಕೇಳಿ. ಕಾಲುಗಳ ನಡುವಿನ ಪಟ್ಟಿ ಇಲ್ಲದ, ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಕೊಳ್ಳಬೇಡಿ. ನಿದ್ದೆಯಲ್ಲಿ ಮಗು ಅದರಿಂದ ಕೆಳಕ್ಕೆ ಜಾರಬಹುದು.

ನಾದಿನಿಯ ಮಗುವಿಗೆ ಬಳಸಿದ್ದು ಮನೆಯಲ್ಲಿದೆಯೇ? ಹೊಲಿಗೆ ಬಿಚ್ಚಿದೆಯೇ, ಬಕಲ್ ಒಮ್ಮೆಗೇ ಕಚ್ಚಿಕೊಳ್ಳುತ್ತದೆಯೇ ನೋಡಿ. ಬಿಸಿಲಿಗೆ ಬಣ್ಣ ಮಾಸಿದ ನೈಲಾನ್‌ನ ಬಲವೂ ಕುಂದಿರುತ್ತದೆ. ಒಮ್ಮೆ ಅಪಘಾತದಲ್ಲಿ ಜಗ್ಗಿದ ಹಾರ್ನೆಸ್ ಮತ್ತೆ ಬಳಕೆಗೆ ಯೋಗ್ಯವಲ್ಲ.

ನಿಮ್ಮ ಉಡುಪಿನ ಮೇಲೂ ಗಮನವಿರಲಿ

ಪಟ್ಟಿಗಳ ಇನ್ನೊಂದು ತುದಿ ಇರುವುದು ನಿಮ್ಮ ಭುಜದ ಮೇಲೆ. ಆದ್ದರಿಂದ ನೀವು ದಿನವೂ ಧರಿಸುವ ಬುರ್ಖಾ ಅಥವಾ ಚೂಡಿದಾರ್ ಮೇಲೆಯೇ ಹಾಕಿ ನೋಡಿ. ನುಣುಪಾದ ಬಟ್ಟೆಯ ಮೇಲೆ ಪಟ್ಟಿ ಭುಜದಿಂದ ಜಾರುತ್ತದೆ. ಜಾರದಷ್ಟು ಬಿಗಿ ಮಾಡಿಕೊಂಡು, ಕನ್ನಡಿಯ ಮುಂದೆ ಎರಡೂ ಪಕ್ಕಕ್ಕೆ ಬಾಗಿ ಪರೀಕ್ಷಿಸಿ. ದುಪಟ್ಟಾ ಪಟ್ಟಿಯ ಒಳಗಿರಲಿ, ತುದಿ ಹೊರಗೆ ನೇತಾಡದಿರಲಿ. ಬುರ್ಖಾದ ಅಂಚನ್ನು ಸೀಟಿನ ಮೇಲೆ ಮಡಚಿಕೊಳ್ಳಿ. ಚಕ್ರಕ್ಕೆ ಸಿಲುಕುವ ಬಟ್ಟೆ ನಿಮ್ಮನ್ನು ಎಳೆದರೆ ಈಗ ಮಗುವನ್ನೂ ಎಳೆಯುತ್ತದೆ. ಹೆಲ್ಮೆಟ್ ಒಳಗೆ ತೆಳುವಾದ ಹತ್ತಿಯ ಸ್ಕಾರ್ಫ್ ಸಾಕು, ಪಿನ್ ಬೇಡ.

ಮಗುವಿನ ಹೆಲ್ಮೆಟ್‌ಗೂ ಇದೇ ಮಾತು ಅನ್ವಯಿಸುತ್ತದೆ. ಹುಬ್ಬಿನ ಮೇಲಿನಿಂದ ತಲೆಯ ಸುತ್ತಳತೆಯನ್ನು ಟೇಪಿನಲ್ಲಿ ತೆಗೆದುಕೊಂಡು ಅಂಗಡಿಗೆ ಹೋಗಿ. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಬೇರೆಯಾಗಿ ಅಲ್ಲಾಡಬಾರದು.

ಹಾರ್ನೆಸ್ ಏನು ಮಾಡದು?

ಅದು ಮಗು ಜಾರಿ ಬೀಳದಂತೆ ತಡೆಯುತ್ತದೆ. ಆದರೆ ವಾಹನವೇ ಉರುಳಿದರೆ ಮಗುವೂ ನಿಮ್ಮೊಂದಿಗೆ ನೆಲಕ್ಕೆ ಬೀಳುತ್ತದೆ. ನಿಧಾನವಾಗಿ ಓಡಿಸುವುದು, ಹೆಲ್ಮೆಟ್ ತೊಡಿಸುವುದು ಅದಕ್ಕೇ. ತಾನಾಗಿ ನೆಟ್ಟಗೆ ಕುಳಿತುಕೊಳ್ಳಲಾಗದ ಹಸುಗೂಸಿಗೆ ಯಾವ ಹಾರ್ನೆಸ್ ಕೂಡ ಪರಿಹಾರವಲ್ಲ. ಆ ದಿನಗಳಲ್ಲಿ ಆಟೋ ಅಥವಾ ಬಸ್ಸೇ ಲೇಸು.

ಮಕ್ಕಳು ಬೇಗ ಬೆಳೆಯುತ್ತಾರೆ. ಎರಡು ಮೂರು ತಿಂಗಳಿಗೊಮ್ಮೆ ಪಟ್ಟಿಗಳ ಅಳತೆಯನ್ನು ಮತ್ತೆ ನೋಡಿ. ಗಂಡ, ಮೈದುನ, ಅಜ್ಜ ಯಾರೇ ಮಗುವನ್ನು ಕರೆದೊಯ್ಯಲಿ, ಅವರ ಭುಜಕ್ಕೆ ಪಟ್ಟಿಯನ್ನು ಹೊಂದಿಸಿ ಕೊಡಿ. ಇಲ್ಲೇ ಅಂಗಡಿಗೆ ತಾನೇ ಎಂದು ಅವರು ಹಾರ್ನೆಸ್ ಬಿಟ್ಟು ಹೊರಟರೆ ಸುಮ್ಮನಿರಬೇಡಿ. ಮನೆಯೆದುರಿನ ರಸ್ತೆಯಲ್ಲೂ ಹೊಂಡಗಳಿರುತ್ತವೆ. ಬಕಲ್ ಹಾಕಲು ಹಿಡಿಯುವುದು ಅರ್ಧ ನಿಮಿಷ. ಅದಕ್ಕಾಗಿ ಶಾಲೆಗೆ ತುಸು ತಡವಾದರೆ ತಡವಾಗಲಿ.