ನೀರು ತುಂಬಿದ ಗೂಡಿಗೆ ರಕ್ತವೇಕೆ?

ಬ್ರಾಂಕೋನ್ಯುಮೋನಿಯಾ ಎಂಬ ಶ್ವಾಸಕೋಶದ ಸೋಂಕು ತಗುಲಿದವರ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ನೋಡಿ. ಇಲ್ಲೊಂದು, ಅಲ್ಲೆರಡು, ಹೆಚ್ಚಾಗಿ ಎರಡೂ ಶ್ವಾಸಕೋಶಗಳ ತಳಭಾಗದಲ್ಲಿ, ಮಸುಕು ಬಿಳಿಯ ಕಲೆಗಳು. ನಡುನಡುವೆ ಏನೂ ಆಗದ ಕಪ್ಪು ಜಾಗ! ಇಡೀ ಒಂದು ಹಾಲೆಯನ್ನೇ ಆವರಿಸಿಬಿಡುವ ನ್ಯುಮೋನಿಯಾವೂ ಉಂಟು. ಇದು ಮಾತ್ರ ಚದುರಿ ಬೀಳುತ್ತದೆ. ಯಾಕೆ?

ಉಸಿರಿನ ಜೊತೆಗೇ ಒಳಗೆ ಇಳಿದರೆ ಗೊತ್ತಾಗುತ್ತದೆ. ಶ್ವಾಸನಾಳ ಎರಡಾಗಿ, ಎರಡು ನಾಲ್ಕಾಗಿ, ಸುಮಾರು 23 ಸಲ ಕವಲೊಡೆಯುತ್ತದೆ. ತುದಿಯಲ್ಲಿ 30 ಕೋಟಿಗೂ ಮಿಕ್ಕ ಗಾಳಿಗೂಡುಗಳು! ರೋಗಾಣು ಮೊದಲು ಬೇರೂರುವುದು ಈ ಗೂಡುಗಳಿಗೆ ಸ್ವಲ್ಪ ಮೇಲಿರುವ ಕಿರುನಾಳಗಳಲ್ಲಿ. ಅಲ್ಲಿಂದ ಅಕ್ಕಪಕ್ಕದ ಗೂಡುಗಳಿಗೆ ಹಬ್ಬುತ್ತದೆ. ಸೋಂಕು ತಗುಲಿದ ಕಿರುನಾಳಗಳ ಆಸುಪಾಸೇ ಎಕ್ಸ್-ರೇಯಲ್ಲಿ ಕಲೆಯಾಗಿ ಮೂಡುತ್ತದೆ.

ಆ ಗೂಡಿನ ಗಾಳಿಗೂ ಪಕ್ಕದಲ್ಲೇ ಹರಿಯುವ ರಕ್ತಕ್ಕೂ ನಡುವೆ ಇರುವ ಪೊರೆ ಒಂದು ಮೈಕ್ರಾನಿಗಿಂತ ತೆಳು. ಆಮ್ಲಜನಕ ಸಲೀಸಾಗಿ ದಾಟಲಿ ಎಂದೇ ಇಷ್ಟು ನವಿರು. ಉರಿಯೂತ ಶುರುವಾದರೆ ಲೋಮನಾಳಗಳು ಸೋರತೊಡಗುತ್ತವೆ, ಬಿಳಿ ರಕ್ತಕಣಗಳು ದಂಡುಗಟ್ಟಿ ಒಳನುಗ್ಗುತ್ತವೆ. ಗಾಳಿ ಇರಬೇಕಾದಲ್ಲಿ ಈಗ ದ್ರವ, ಕೀವು, ಸತ್ತ ಕಣಗಳು. ಮೆತ್ತನೆಯ ಶ್ವಾಸಕೋಶ ಅಷ್ಟಷ್ಟು ಜಾಗದಲ್ಲಿ ಗಟ್ಟಿಯಾಗುತ್ತದೆ.

ನನ್ನನ್ನು ಬೆರಗಾಗಿಸಿದ್ದು ಇದರ ಮುಂದಿನ ಕತೆ. ಮೈಯ ಬೇರೆ ಬಹುತೇಕ ಕಡೆ ಆಮ್ಲಜನಕ ಕಡಿಮೆಯಾದರೆ ರಕ್ತನಾಳ ಹಿಗ್ಗುತ್ತದೆ, ಹೆಚ್ಚು ರಕ್ತ ತರಿಸಿಕೊಳ್ಳುತ್ತದೆ. ಶ್ವಾಸಕೋಶದಲ್ಲಿ ತದ್ವಿರುದ್ಧ! 1946ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳಾದ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಬೆಕ್ಕುಗಳಿಗೆ ಆಮ್ಲಜನಕ ಕಡಿಮೆಯಿದ್ದ ಗಾಳಿ ಕೊಟ್ಟು ನೋಡಿದರು. ಶ್ವಾಸಕೋಶದ ಅಪಧಮನಿಯಲ್ಲಿ ಒತ್ತಡ ಏರಿತು, ಅಂದರೆ ನಾಳಗಳು ಬಿಗಿದುಕೊಂಡಿದ್ದವು. ಬೆಳೆಯಿಲ್ಲದ ಗದ್ದೆಯ ತೂಬು ಮುಚ್ಚಿ ಪಕ್ಕದ ಗದ್ದೆಗೆ ನೀರು ತಿರುಗಿಸುವ ರೈತನ ಹಾಗೆ, ಶ್ವಾಸಕೋಶ ಗಾಳಿಯಿಲ್ಲದ ಮೂಲೆಯಿಂದ ರಕ್ತವನ್ನು ಗಾಳಿಯಿರುವಲ್ಲಿಗೆ ಹರಿಸುತ್ತದೆ. ಮೆದುಳಿನ ಅಪ್ಪಣೆಗೂ ಕಾಯುವುದಿಲ್ಲ; ನಾಳದ ಗೋಡೆಯ ಸ್ನಾಯುವೇ ಆಮ್ಲಜನಕದ ಕೊರತೆಯನ್ನು ಗುರುತಿಸುತ್ತದೆ!

ರೋಗದ ಕ್ರೌರ್ಯವೂ ಇಲ್ಲೇ. ಉರಿಯೂತ ಈ ಬಿಗಿತವನ್ನೇ ಸಡಿಲಿಸಬಲ್ಲದು. ಆಗ ನೀರು ತುಂಬಿದ ಗೂಡುಗಳ ಪಕ್ಕದಲ್ಲಿ ರಕ್ತ ಸುಮ್ಮನೆ ಹರಿದು, ಆಮ್ಲಜನಕ ಸಿಗದೆ ಬರಿಗೈಯಲ್ಲಿ ಹೃದಯಕ್ಕೆ ಮರಳುತ್ತದೆ. ಈ ರೋಗ ತಗುಲಿದ ಮಗು ಏದುಸಿರು ಬಿಡುತ್ತದೆ, ಉಸಿರೆಳೆದಾಗಲೆಲ್ಲ ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತದೆ, ತುಟಿ ನೀಲಿಗಟ್ಟಬಹುದು. ಅಂಥ ಹೊತ್ತಿನಲ್ಲಿ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಸರಿಯಾದ ಔಷಧಿ ಸಿಕ್ಕಿ ರೋಗಾಣು ಸೋತರೆ ಇನ್ನೊಂದು ಅಚ್ಚರಿ ಶುರು. ಭಕ್ಷಕ ಕಣಗಳು ಬಂದು ಸತ್ತ ಬಿಳಿ ಕಣಗಳನ್ನು ಒಂದೊಂದಾಗಿ ನುಂಗುತ್ತವೆ. ಗೂಡಿನ ಮೂಲೆಯಲ್ಲಿದ್ದ ದುಂಡನೆಯ ಜೀವಕೋಶಗಳು ವಿಭಜಿಸಿ, ಚಪ್ಪಟೆಯಾಗಿ ಹರಡಿ, ಹಾಳಾದ ಗೋಡೆಯನ್ನು ಹೊಸದಾಗಿ ಹೊದಿಸುತ್ತವೆ. ಕೆಲವೊಮ್ಮೆ ಕೀವುಗಡ್ಡೆಯೋ ಗಾಯದ ಕಲೆಯೋ ಉಳಿಯುವುದುಂಟು. ಆದರೆ ಬಹಳಷ್ಟು ಸಲ ಗೂಡು ಮೊದಲಿನಂತೆಯೇ ಆಗುತ್ತದೆ. ಜ್ವರ ಬಿಟ್ಟು, ಊಟ ರುಚಿಸಿ, ಮನೆಯವರೆಲ್ಲ ಕಾಯಿಲೆಯನ್ನು ಮರೆತ ಮೇಲೂ ಎಕ್ಸ್-ರೇಯ ಕಲೆ ವಾರಗಟ್ಟಲೆ ಉಳಿದಿರಬಹುದು. ಒಳಗಿನ ದುರಸ್ತಿ ಇನ್ನೂ ನಡೆಯುತ್ತಲೇ ಇರುತ್ತದೆ!