ಸೌದೆ ಒಡೆಯುವ ಯಂತ್ರ: ಕೊಳ್ಳುವ ಮುನ್ನ ಮರ ನೋಡಿ, ವಿದ್ಯುತ್ ನೋಡಿ

ಮಂಡ್ಯ: ಅಡುಗೆಮನೆಗೆ ಗ್ಯಾಸ್ ಬಂದರೂ ಹಳ್ಳಿಗಳಲ್ಲಿ ಬಚ್ಚಲಿನ ಹಂಡೆಯೊಲೆ ಆರಿಲ್ಲ. ಮದುವೆಯ ಅಡುಗೆಗೂ, ಮಳೆಗೆ ಕಬ್ಬಿನ ರಚ್ಚು ನೆನೆದಾಗ ಆಲೆಮನೆಗೂ ಸೌದೆಯೇ ಗತಿ. ಕೊಡಲಿ ಹಿಡಿಯುವ ಆಳು ಸಿಗುವುದು ಕಷ್ಟವಾಗಿ, ಯಂತ್ರ ಕೊಂಡರೆ ಹೇಗೆ ಎಂಬ ಯೋಚನೆ ರೈತರಿಗೆ ಬರುವುದು ಸಹಜ. ಆದರೆ ಮಾರಾಟಗಾರರು ಹೇಳುವ ‘ಟನ್’ ಲೆಕ್ಕವೊಂದನ್ನೇ ನಂಬಿ ಹಣ ತೆರುವುದು ಸರಿಯಲ್ಲ. ಟನ್ ಎಂಬುದು ಬೆಣೆಯ ಮೇಲೆ ಬೀಳುವ ಗರಿಷ್ಠ ಒತ್ತಡವೇ ಹೊರತು ಕೆಲಸದ ವೇಗವಲ್ಲ.

ಮೊದಲು ನೋಡಬೇಕಾದದ್ದು ಮರವನ್ನು. ನಾಗಮಂಗಲ, ಕೆ.ಆರ್.ಪೇಟೆಯ ಬೆದ್ದಲು ಸೀಮೆಯಲ್ಲಿ ನೀಲಗಿರಿ, ಜಾಲಿ ಹೆಚ್ಚು. ನೀಲಗಿರಿಯನ್ನು ಹಸಿಯಾಗಿದ್ದಾಗಲೇ ಒಡೆಯಬೇಕು. ಒಣಗಿದರೆ ಅದು ಕಲ್ಲೇ ಸರಿ. ಹುಣಸೆಯ ಎಳೆ ತಿರುಚಿಕೊಂಡಿರುವುದರಿಂದ ಸಣ್ಣ ಯಂತ್ರಗಳು ಅದರ ಮುಂದೆ ಸೋಲುತ್ತವೆ. ಶ್ರೀರಂಗಪಟ್ಟಣ, ಪಾಂಡವಪುರದ ನಾಲಾ ಬಯಲಿನ ತೆಂಗಿನ ಕಥೆಯೇ ಬೇರೆ. ಅದು ಬರೀ ನಾರಿನ ಕಟ್ಟು. ಬೆಣೆಗೆ ಸಿಡಿದು ಹೋಳಾಗದೆ ನಾರುನಾರಾಗಿ ಹರಿಯುತ್ತದೆ. ತೆಂಗಿಗೆಂದೇ ಯಂತ್ರ ಕೊಳ್ಳುವುದಕ್ಕಿಂತ ಗರಗಸದಲ್ಲಿ ಗಿಡ್ಡ ತುಂಡು ಮಾಡಿಕೊಳ್ಳುವುದು ಲೇಸು.

ಮನೆಬಳಕೆಗೆ ಸಿಗುವ 5ರಿಂದ 7 ಟನ್ನಿನ ಹೈಡ್ರಾಲಿಕ್ ಯಂತ್ರಕ್ಕೆ 2ರಿಂದ 3 ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು ಇರುತ್ತದೆ. ಸುಮಾರು 10 ಅಂಗುಲ ದಪ್ಪ, 20 ಅಂಗುಲ ಉದ್ದದ ನೇರ ಎಳೆಯ ತುಂಡುಗಳಿಗೆ ಇದು ಸಾಕು. ಸೌದೆ ಡಿಪೋ ನಡೆಸುವವರು, ಗಂಟುಗಂಟಾದ ಬುಡ ಒಡೆಯುವವರು 20 ಟನ್ನಿಗೆ ಮೇಲ್ಪಟ್ಟ, ಎಂಜಿನ್ ಅಥವಾ ಟ್ರ್ಯಾಕ್ಟರಿನಿಂದ ನಡೆಯುವ ಯಂತ್ರವನ್ನೇ ನೋಡಬೇಕಾಗುತ್ತದೆ. ಭಾರದ ದಿಮ್ಮಿ ಎತ್ತುವ ಶ್ರಮ ಬೇಡವೆಂದರೆ ಬೆಣೆ ಮೇಲಿನಿಂದ ಇಳಿಯುವ, ನಿಂತ ಮಾದರಿ ಅನುಕೂಲ.

ಎರಡನೆಯದು ವಿದ್ಯುತ್. ತ್ರೀ ಫೇಸ್ ಮೋಟಾರಿನ ಯಂತ್ರ ತಂದು ತೋಟದಲ್ಲಿಟ್ಟರೆ, ಪಂಪ್‌ಸೆಟ್ ಮಾರ್ಗಕ್ಕೆ ತ್ರೀ ಫೇಸ್ ಬರುವ ಕೆಲವೇ ತಾಸು ಮಾತ್ರ ಅದು ತಿರುಗೀತು. ಅದೂ ಅಲ್ಲದೆ, 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಕೊಡುವ ಉಚಿತ ವಿದ್ಯುತ್ ನೀರಾವರಿಗೆ ಮಾತ್ರ. ಅದಕ್ಕೆ ಸೌದೆ ಯಂತ್ರ ಜೋಡಿಸುವುದು ನಿಯಮಬಾಹಿರ. ಮನೆಯ ಸಿಂಗಲ್ ಫೇಸ್ ಸಂಪರ್ಕದಿಂದ ಸಣ್ಣ ತಂತಿಯನ್ನು ಹಿತ್ತಿಲಿನವರೆಗೆ ಎಳೆದರೂ ವೋಲ್ಟೇಜ್ ಕುಸಿದು ಮೋಟಾರು ಬಿಸಿಯಾಗುತ್ತದೆ.

ಟ್ರ್ಯಾಕ್ಟರಿನ ಪಿ.ಟಿ.ಓ.ಗೆ ಅಥವಾ ಮೋಟಾರಿಗೆ ಸಿಕ್ಕಿಸುವ, ತಿರುಪಿನಂತೆ ಮರದೊಳಗೆ ಕೊರೆದು ಸೀಳುವ ಶಂಕುವಿನಾಕಾರದ ಮೊನೆಯ ಬಗ್ಗೆ ಎಚ್ಚರ ಅಗತ್ಯ. ರಚನೆ ಸರಳ, ಬೆಲೆಯೂ ಕಡಿಮೆ. ಆದರೆ ಮೊನೆ ಗಂಟಿಗೆ ಸಿಕ್ಕಿದರೆ ಇಡೀ ದಿಮ್ಮಿಯೇ ಗಿರ್ರನೆ ತಿರುಗಿ ಹಿಡಿದವರ ಕೈ ಮುರಿಯಬಲ್ಲದು. ಪಂಚೆ, ಸೀರೆಯ ಸೆರಗು, ಹೆಗಲ ಟವೆಲ್ ಸುತ್ತಿಕೊಂಡರೆ ಬಿಡಿಸಿಕೊಳ್ಳಲು ಕ್ಷಣವೂ ಸಿಗದು. ನಮ್ಮ ಉಡುಪಿಗೆ ಈ ಯಂತ್ರ ಖಂಡಿತ ಹೊಂದುವಂಥದ್ದಲ್ಲ. ಹೈಡ್ರಾಲಿಕ್ ಮಾದರಿಯಲ್ಲೂ ಎರಡೂ ಕೈಗಳಿಂದ ಹಿಡಿಕೆ ಒತ್ತಿದರೆ ಮಾತ್ರ ಬೆಣೆ ಚಲಿಸುವ, ಒಂದು ಕೈ ಬಿಟ್ಟರೂ ನಿಲ್ಲುವ ವ್ಯವಸ್ಥೆ ಇದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿಕೊಳ್ಳಬೇಕು. ಸಾಧ್ಯವಾದರೆ ನಿಮ್ಮ ಹಿತ್ತಿಲಿನ ನಾಲ್ಕು ತುಂಡು ಮರವನ್ನೇ ಒಯ್ದು ಒಡೆಸಿ ನೋಡಿ.

ವರ್ಷಕ್ಕೆ ಒಂದೆರಡು ಗಾಡಿ ಸೌದೆ ಸಾಕಾಗುವ ಮನೆಗೆ ಇವಾವುದೂ ಬೇಡ. ಕಡಿದ ವಾರದೊಳಗೆ ಮರವನ್ನು ಹಸಿಯಾಗಿಯೇ ಒಡೆದು ಪೇರಿಸಿಟ್ಟರೆ ಒಂದು ಭಾರದ ಕೊಡಲಿ, ಎರಡು ಕಬ್ಬಿಣದ ಬೆಣೆ, ಒಂದು ಸುತ್ತಿಗೆ ಸಾಕು.